1967ರ ಜಿಟಿಒ: ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು

ಪ್ರಶ್ನೆ: ನಾವು ಮಿಷಿಗನ್‌ನ ಟ್ರಾಯ್‌ನಲ್ಲಿದ್ದೇವೆ. ನಮ್ಮ ಬೀದಿಯ ಹಿರಿಯರೊಬ್ಬರು ಮನೆ ಮಾರಿ ಹೊರಟಾಗ ಅವರ 1967ರ ಪಾಂಟಿಯಾಕ್ ಜಿಟಿಒ ಕಾರನ್ನು ನಾನು ಕೊಂಡೆ. ಎರಡು ಬಾಗಿಲಿನ ಹಾರ್ಡ್‌ಟಾಪ್ (ಪಕ್ಕದ ಕಿಟಕಿಗಳ ನಡುವೆ ಕಂಬವಿಲ್ಲದ್ದು), 400 ಎಂಜಿನ್, ಆಟೋಮ್ಯಾಟಿಕ್, ಲಿಂಡನ್ ಗ್ರೀನ್ ಬಣ್ಣ. ಮೀಟರ್ 61 ಸಾವಿರ ಮೈಲಿ ತೋರಿಸುತ್ತಿದೆ. ಎಡಗಡೆ ಫೆಂಡರ್ ಬಿಟ್ಟರೆ ಪೇಂಟ್ ಎಲ್ಲ ಫ್ಯಾಕ್ಟರಿಯದೇ ಎಂದು ಅವರು ಹೇಳಿದರು. ಹತ್ತು ವರ್ಷಕ್ಕೂ ಜಾಸ್ತಿ ಗ್ಯಾರೇಜಿನಲ್ಲೇ ನಿಂತಿತ್ತಂತೆ. ಹೊಸ ಪೇಂಟ್ ಹೊಡೆಸು, ಫ್ಯೂಯಲ್ ಇಂಜೆಕ್ಷನ್ ಹಾಕಿಸು, ಡಿಸ್ಕ್ ಬ್ರೇಕ್ ಮಾಡಿಸು ಎಂದು ಸ್ನೇಹಿತರು ದಿನಾ ಹೇಳುತ್ತಾರೆ. ನನಗೆ ಗಾಡಿಯ ಮೂಲ ರೂಪ ಕೆಡಿಸಲು ಇಷ್ಟವಿಲ್ಲ. ಹಾಗಂತ ಸುಮ್ನೆ ನಿಲ್ಲಿಸಿ ನೋಡುವುದೂ ಬೇಡ, ಓಡಿಸಬೇಕು. ಎಲ್ಲಿಂದ ಶುರು ಮಾಡಲಿ? ಆಗಸ್ಟ್‌ನಲ್ಲಿ ಇಲ್ಲಿನ ವುಡ್‌ವರ್ಡ್ ರಸ್ತೆಯಲ್ಲಿ ಹಳೆ ಕಾರುಗಳೆಲ್ಲ ಸೇರಿ ಓಡಾಡುವ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತಗೊಂಡು ಹೋಗಬಹುದೇ?

ಉತ್ತರ: ಸ್ನೇಹಿತರು ಹೇಳಿದ ಮೂರು ಕೆಲಸಗಳಲ್ಲಿ ಈಗ ಒಂದೂ ಬೇಡ. ಹೊಸದಾಗಿ ಪೇಂಟ್ ಹೊಡೆಸಿದ ಹಸಿರು ಜಿಟಿಒ ಅಮೆರಿಕದಲ್ಲಿ ದುಡ್ಡಿದ್ದರೆ ಯಾವಾಗ ಬೇಕಾದರೂ ಸಿಗುತ್ತದೆ. 67ರಲ್ಲಿ ಹೊಡೆದ ಪೇಂಟನ್ನೇ ಇನ್ನೂ ಮೈಮೇಲೆ ಇಟ್ಟುಕೊಂಡ ಜಿಟಿಒ ಹುಡುಕಲು ಹೋಗಿ, ಆಗ ಗೊತ್ತಾಗುತ್ತದೆ.

ಈ ಕಾರು ಅಪರೂಪದ್ದೇನಲ್ಲ. 1964ರಲ್ಲಿ ಶುರುವಾದಾಗ ಜಿಟಿಒ ಒಂದು ಮಾಡೆಲ್ ಕೂಡ ಆಗಿರಲಿಲ್ಲ. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ಪಾಂಟಿಯಾಕ್‌ನ ಮಾತೃಸಂಸ್ಥೆ ಜನರಲ್ ಮೋಟರ್ಸ್ (ಜಿಎಂ) ಒಳಗೇ ಒಂದು ನಿಯಮ ಇತ್ತು. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತವರ ತಂಡ ಅದನ್ನು ದಾಟಿದ್ದು 389ರ ಎಂಜಿನ್ನನ್ನು ಲೆಮಾನ್ಸ್ ಕಾರಿಗೆ ಒಂದು 'ಆಪ್ಷನ್' ಎಂದು ತೋರಿಸಿ. ಚೆನ್ನಾಗಿ ಮಾರಾಟವಾಯಿತು, 1966ಕ್ಕೆ ಪ್ರತ್ಯೇಕ ಮಾಡೆಲ್ ಆಯಿತು. ನಿಮ್ಮ 1967ರ ಮಾಡೆಲ್‌ನಲ್ಲಿ 400 ಕ್ಯೂಬಿಕ್ ಇಂಚು, ಅಂದರೆ 6.6 ಲೀಟರ್ ಎಂಜಿನ್ ಬಂತು. ಆ ಒಂದೇ ವರ್ಷ 81,722 ಗಾಡಿ ತಯಾರಾದವು. ಅಷ್ಟು ಗಾಡಿಗಳಲ್ಲಿ ತುಕ್ಕು ತಿಂದವು, ರೇಸಿಗೆ ಹೋಗಿ ಸುಟ್ಟವು, ಮೂರು ಮೂರು ಸಲ ಬಣ್ಣ ಬದಲಾಯಿಸಿಕೊಂಡವು ಬಿಟ್ಟರೆ ಉಳಿಯುವುದು ಕಡಿಮೆ. ನಿಮ್ಮ ಗಾಡಿಗೆ ಬೆಲೆ ಬಂದಿರುವುದು ಯಾರೂ ಅದನ್ನು 'ಸರಿ ಮಾಡಲು' ಹೋಗದೇ ಇದ್ದುದರಿಂದ.

ನಾನು ಕೆಲಸ ಮಾಡುವಾಗ ಇಟ್ಟುಕೊಳ್ಳುವ ಲೆಕ್ಕ ಹೀಗೆ. ಸವೆಯಲೆಂದೇ ಮಾಡಿದ ಸಾಮಾನುಗಳನ್ನು ಯೋಚನೆ ಮಾಡದೆ ಬದಲಾಯಿಸುತ್ತೇನೆ: ಟೈರು, ಬೆಲ್ಟು, ಹೋಸು, ಬ್ರೇಕ್ ಶೂ, ಆಯಿಲ್. ಫ್ಯಾಕ್ಟರಿಯವರ ಕೈ ಕಾಣುವ ಜಾಗಗಳನ್ನು, ಅಂದರೆ ಪೇಂಟು, ಕ್ರೋಮು, ಸೀಟಿನ ಹೊದಿಕೆ, ಬೋಲ್ಟಿನ ಮೇಲಿನ ಲೇಪ, ಅಡಿಯಲ್ಲಿ ಬರೆದ ಗುರುತುಗಳನ್ನು ತೊಳೆದು ಹಾಗೇ ಬಿಡುತ್ತೇನೆ. ಬಿಚ್ಚಿದ್ದನ್ನು ಎಸೆಯುವುದಿಲ್ಲ. ಏನೇ ಹೊಸದು ಹಾಕಿದರೂ ಒಂದು ಭಾನುವಾರ ಕೂತರೆ ಹಳೆಯದನ್ನು ವಾಪಸ್ ಹಾಕುವಂತಿರಬೇಕು. ಜೀವಕ್ಕೋ ಎಂಜಿನ್ನಿಗೋ ಅಪಾಯ ಇದ್ದಲ್ಲಿ ಮಾತ್ರ ಈ ಲೆಕ್ಕ ಪಕ್ಕಕ್ಕಿಡಬೇಕು. ನಿಮ್ಮ ಎಂಜಿನ್ ಒಳಗೆ ಅಂಥದ್ದೊಂದು ಸಾಮಾನು ಇದೆ, ಅದರ ವಿಷಯಕ್ಕೆ ಬರುತ್ತೇನೆ.

ಸ್ಪ್ಯಾನರ್ ಹಿಡಿಯುವ ಮೊದಲು ಫೋನ್ ಹಿಡಿಯಿರಿ. ಗಾಡಿ ತೊಳೆಯಲೂ ಬೇಡಿ, ಇದ್ದ ಹಾಗೇ ಫೋಟೋ ತೆಗೆಯಿರಿ. ಬಾನೆಟ್ ಕೆಳಗೆ ಪ್ರತಿ ಹೋಸು, ಪ್ರತಿ ಕ್ಲಿಪ್ಪು, ವೈರು ಯಾವ ಕಡೆಯಿಂದ ಹಾದು ಹೋಗಿದೆ ಎಂಬುದು, ಡಿಕ್ಕಿಯೊಳಗಿನ ಚುಕ್ಕೆ ಚುಕ್ಕೆ ಪೇಂಟು, ಸೀಟಿನ ಕೆಳಗೆ ಸಿಕ್ಕಿದ ಚೀಟಿ, ಎಲ್ಲವನ್ನೂ ತೆಗೆಯಿರಿ. ಆರು ತಿಂಗಳ ನಂತರ ಈ ಕ್ಲ್ಯಾಂಪ್ ಯಾವ ಕಡೆ ಮುಖ ಮಾಡಿತ್ತು ಎಂದು ನೆನಪಿಸಿಕೊಳ್ಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಆಮೇಲೆ ನಂಬರ್ ನೋಡಿ. 67ರ ಗಾಡಿಯಲ್ಲಿ ವಿಐಎನ್, ಅಂದರೆ ಗಾಡಿಯ ಗುರುತಿನ ನಂಬರ್ ಇರುವ ತಗಡು ಡ್ರೈವರ್ ಬಾಗಿಲಿನ ಕಂಬದ ಮೇಲೆ ಇರುತ್ತದೆ, ಗಾಜಿನ ಕೆಳಗಲ್ಲ. ಅದು 24217ರಿಂದ ಶುರುವಾಗಬೇಕು. 2 ಅಂದರೆ ಪಾಂಟಿಯಾಕ್, 42 ಅಂದರೆ ಜಿಟಿಒ, 17 ಅಂದರೆ ಹಾರ್ಡ್‌ಟಾಪ್. ಅದರ ಮುಂದಿನ ಅಂಕಿ 7 ಅಂದರೆ 1967ನೇ ಇಸವಿ, ಆಮೇಲಿನ ಅಕ್ಷರ ಯಾವ ಫ್ಯಾಕ್ಟರಿ ಎಂಬುದು. ಪಿ ಇದ್ದರೆ ನಿಮ್ಮ ಮನೆಯಿಂದ ಸ್ವಲ್ಪ ದೂರದ ಪಾಂಟಿಯಾಕ್ ಊರಿನಲ್ಲೇ ಹುಟ್ಟಿದ ಗಾಡಿ. ಎಂಜಿನ್ ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆ, ಸಿಲಿಂಡರ್ ಹೆಡ್‌ನ ಸ್ವಲ್ಪ ಕೆಳಗೆ ಎರಡು ಅಕ್ಷರದ ಕೋಡ್ ಕೆತ್ತಿರುತ್ತಾರೆ. ಆಟೋಮ್ಯಾಟಿಕ್ ಜೊತೆ ಬಂದ ಮಾಮೂಲಿ 335 ಹಾರ್ಸ್‌ಪವರ್ ಎಂಜಿನ್ ಆದರೆ ಅಲ್ಲಿ ವೈಎಸ್ ಎಂದಿರಬೇಕು. ವೈರ್ ಬ್ರಷ್ ಹಾಕಿ ಉಜ್ಜಬೇಡಿ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿದರೆ ಸಾಕು.

ಇಲ್ಲಿ ಬಹಳ ಜನ ಎಡವುತ್ತಾರೆ. 'ನಂಬರ್ ಮ್ಯಾಚಿಂಗ್', ಅಂದರೆ ಎಂಜಿನ್ ನಂಬರ್ ಗಾಡಿಯ ನಂಬರಿಗೆ ತಾಳೆಯಾಗಬೇಕು ಎಂದು ಎಲ್ಲರೂ ಹೇಳುತ್ತಾರಲ್ಲ, 67ರ ಪಾಂಟಿಯಾಕ್‌ನಲ್ಲಿ ವಿಐಎನ್ ನಂಬರನ್ನು ಎಂಜಿನ್ ಮೇಲೆ ಕೆತ್ತುತ್ತಿರಲಿಲ್ಲ. ಅದು ಶುರುವಾಗಿದ್ದು 1968ರ ಮಾಡೆಲ್‌ನಿಂದ. ಹಾಗಾಗಿ ನಿಮ್ಮ ಗಾಡಿಯಲ್ಲಿ ಆ ಎರಡಕ್ಷರದ ಕೋಡನ್ನೂ ಎರಕದ ತಾರೀಖನ್ನೂ ಇಟ್ಟುಕೊಂಡು ಲೆಕ್ಕ ಹಾಕಬೇಕು. ಬ್ಲಾಕ್ ಹಿಂದೆ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹತ್ತಿರ ಸಿ147 ಎಂದಿದ್ದರೆ ಮಾರ್ಚ್ 14, 1967: ಸಿ ಮೂರನೇ ತಿಂಗಳು, 14 ತಾರೀಖು, 7 ಇಸವಿಯ ಕೊನೆಯ ಅಂಕಿ. ಬಾನೆಟ್ ತೆರೆದರೆ ಹಿಂದಿನ ಗೋಡೆಯ ಮೇಲೆ ಕಾಣುವ ಬಾಡಿ ತಗಡಿನ ತಾರೀಖಿಗಿಂತ ಇದು ಸ್ವಲ್ಪ ಹಿಂದಿನದಾಗಿರಬೇಕು. ಗಾಡಿ ಕಟ್ಟಿದ ಮೇಲೆ ಎರಕ ಹೊಯ್ದ ಎಂಜಿನ್ ಅದರೊಳಗೆ ಇರಲು ಸಾಧ್ಯವಿಲ್ಲವಲ್ಲ. ಇದರ ಜೊತೆಗೆ ಪಾಂಟಿಯಾಕ್‌ನವರ ಅದೃಷ್ಟ ಎಂದರೆ ಪಿಎಚ್‌ಎಸ್. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಬಳಿ 1961ರಿಂದ ಈಚೆಗಿನ ಗಾಡಿಗಳ ಫ್ಯಾಕ್ಟರಿ ಬಿಲ್ಲಿನ ಪ್ರತಿಗಳಿವೆ. ವಿಐಎನ್ ಕೊಟ್ಟು ಫೀಸು ಕಟ್ಟಿದರೆ ನಿಮ್ಮ ಗಾಡಿ ಯಾವ ಡೀಲರ್‌ಗೆ, ಯಾವ ಯಾವ ಆಪ್ಷನ್ ಜೊತೆ ಹೋಯಿತು ಎಂಬುದು ಸಿಗುತ್ತದೆ. ಬೇರೆ ಯಾವ ಸಾಮಾನು ತರಿಸುವ ಮೊದಲೂ ಇದನ್ನು ತರಿಸಿ. ಯಾವುದು ಮೂಲದ್ದು ಎಂಬ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

61 ಸಾವಿರ ಮೈಲಿಯ ಮಾತು. ಮೀಟರಿನಲ್ಲಿ ಮೈಲಿಗೆ ಐದೇ ಅಂಕಿ ಇರುವುದು. ಅದು ಒಂದು ಲಕ್ಷದ ಅರವತ್ತೊಂದು ಸಾವಿರವೂ ಆಗಿರಬಹುದು. ಬ್ರೇಕ್ ಪೆಡಲ್‌ನ ರಬ್ಬರು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಬಾಗಿಲಿನ ಕೀಲು ಎಷ್ಟು ಸವೆದಿವೆ ನೋಡಿ. ಹಳೆಯ ಸರ್ವಿಸ್ ಬಿಲ್ಲುಗಳನ್ನು ಆ ಹಿರಿಯರ ಹತ್ತಿರ ಕೇಳಿ ಇಸಿದುಕೊಳ್ಳಿ. ಹೊರಡುವ ಗಡಿಬಿಡಿಯಲ್ಲಿ ಅಂಥ ಕಾಗದಗಳು ಕಸಕ್ಕೆ ಹೋಗಿಬಿಡುತ್ತವೆ.

ಇನ್ನು ಎಂಜಿನ್. ದಯವಿಟ್ಟು ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಬೇಡಿ. ಹತ್ತು ವರ್ಷ ನಿಂತ ಎಂಜಿನ್ನಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಎಂಟೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು ಎರಡು ಮೂರು ದಿನ ಬಿಡಿ. ಏರ್ ಕ್ಲೀನರ್ ಎತ್ತಿ ಒಳಗೆ ಇಲಿ ಗೂಡಿದೆಯಾ ನೋಡಿ. ಮಿಷಿಗನ್ ಗ್ಯಾರೇಜಿನಲ್ಲಿ ಇಲಿ ಹೊಗದ ಹಳೆ ಗಾಡಿ ನಾನು ಕಂಡಿಲ್ಲ. ಆಮೇಲೆ ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದ ನಿಧಾನ ತಿರುಗಿಸಿ. ಎಲ್ಲೂ ಹಿಡಿಯದೆ ಎರಡು ಸುತ್ತು ಬಂದರೆ ಅರ್ಧ ಗೆದ್ದಂತೆ.

ನಾನು ಹೇಳಿದ ಆ ಅಪಾಯದ ಸಾಮಾನು ಟೈಮಿಂಗ್ ಗೇರ್. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನ ಮುಂದೆ ಕೂತು, ಚೈನ್ ಮೂಲಕ ಕ್ರ್ಯಾಂಕ್ ಜೊತೆ ತಿರುಗುವ ಈ ಗೇರಿನ ನಡುಭಾಗ ಅಲ್ಯೂಮಿನಿಯಂ, ಹಲ್ಲುಗಳು ನೈಲಾನ್. ಸದ್ದು ಕಡಿಮೆ ಆಗಲಿ ಎಂದು ಮಾಡಿದ ಉಪಾಯ. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಐವತ್ತು ಅರವತ್ತು ವರ್ಷ ಬಿಸಿ ಎಣ್ಣೆಯಲ್ಲಿ ಬೆಂದ ನೈಲಾನ್ ಕಂದು ತಿರುಗಿ, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಹಲ್ಲು ಮುರಿದರೆ ಚೈನ್ ಹಾರಿ ವಾಲ್ವಿನ ಟೈಮಿಂಗ್ ಕೆಡುತ್ತದೆ ಎಂಬುದು ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮುರಿದ ಚೂರುಗಳು ಎಂಜಿನ್ ತಳದ ಎಣ್ಣೆ ತೊಟ್ಟಿಗೆ, ಅಂದರೆ ಆಯಿಲ್ ಸಂಪ್‌ಗೆ ಬಿದ್ದು ಆಯಿಲ್ ಪಂಪ್ ಎಳೆಯುವ ಜಾಲರಿಗೆ ಅಂಟಿಕೊಳ್ಳುತ್ತವೆ. ಎಣ್ಣೆ ಮೇಲೆ ಹೋಗುವುದಿಲ್ಲ. ಕೆಂಪು ಲೈಟ್ ಹತ್ತುವ ಹೊತ್ತಿಗೆ ಬೇರಿಂಗ್ ಕಥೆ ಮುಗಿದಿರುತ್ತದೆ. ನಿಂತಲ್ಲಿ ಚೆನ್ನಾಗಿ ಸ್ಟಾರ್ಟ್ ಆಗುವ ಗಾಡಿಗೂ ಹೀಗಾಗುತ್ತದೆ.

ಬಿಚ್ಚದೆಯೇ ನೋಡುವ ದಾರಿ ಇದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ಕಾಣುವಂತೆ ಮಾಡಿಕೊಳ್ಳಿ. ಕ್ರ್ಯಾಂಕನ್ನು ಒಂದು ಕಡೆ ತಿರುಗಿಸಿ, ರೋಟರ್ ಚಲಿಸುತ್ತಿರುವಾಗ ನಿಲ್ಲಿಸಿ, ಮುಂದಿನ ಪುಲ್ಲಿಯ ಮೇಲೆ ಗುರುತು ಹಾಕಿ. ಈಗ ಉಲ್ಟಾ ತಿರುಗಿಸಿ. ರೋಟರ್ ಮತ್ತೆ ಅಲುಗುವ ತನಕ ಎಷ್ಟು ಡಿಗ್ರಿ ಖಾಲಿ ಹೋಯಿತು ನೋಡಿ. ನಾಲ್ಕೈದು ಡಿಗ್ರಿ ಇದ್ದರೆ ಚೈನ್ ಬಿಗಿ ಇದೆ. ಹತ್ತು ದಾಟಿದರೆ ಸಡಿಲ. ಆದರೆ ಚೈನ್ ಬಿಗಿ ಇದ್ದ ಮಾತ್ರಕ್ಕೆ ನೈಲಾನ್ ಗಟ್ಟಿ ಇದೆ ಎಂದಲ್ಲ. ಈ ಎಂಜಿನ್ನಿನ ಫ್ಯೂಯಲ್ ಪಂಪ್ ಟೈಮಿಂಗ್ ಕವರ್ ಮೇಲೇ ಕೂತಿದೆ. ಎರಡು ಬೋಲ್ಟ್ ಬಿಚ್ಚಿ ಪಂಪ್ ಸರಿಸಿದರೆ ತೂತಿನಿಂದ ಗೇರ್ ಕಡೆಗೆ ಸಣ್ಣ ಕ್ಯಾಮೆರಾ ಇಳಿಸಬಹುದು. ಫೋನಿಗೆ ಸಿಕ್ಕಿಸುವ ಅಗ್ಗದ ಕ್ಯಾಮೆರಾ ಸಾಕು. ಹಳೆ ಆಯಿಲ್ ಇಳಿಸುವಾಗ ಬಿಳಿ ಬಟ್ಟೆಯಲ್ಲಿ ಸೋಸಿ, ಹಳೆ ಫಿಲ್ಟರ್ ಕತ್ತರಿಸಿ ನೋಡಿ. ಕಂದು ಬಣ್ಣದ ಗಟ್ಟಿ ಚೂರು ಸಿಕ್ಕಿದರೆ ಸಂಪ್ ಇಳಿಸಲೇಬೇಕು. ಅದಕ್ಕೆ ಎಂಜಿನ್ನನ್ನು ಸ್ವಲ್ಪ ಎತ್ತಬೇಕಾಗುತ್ತದೆ, ಬೇಜಾರಿನ ಕೆಲಸ, ಆದರೂ ತಪ್ಪಿಸಬೇಡಿ.

ಚೂರು ಸಿಗದಿದ್ದರೂ ನಾನಾದರೆ ಗೇರ್ ಬದಲಾಯಿಸುತ್ತೇನೆ. ಪೂರ್ತಿ ಕಬ್ಬಿಣದ ಗೇರು, ಹೊಸ ಚೈನು. ಕವರ್ ಹಾಕಿದ ಮೇಲೆ ಕಾರು ಪ್ರದರ್ಶನದ ಯಾವ ಜಡ್ಜ್‌ಗೂ ಕಾಣುವುದಿಲ್ಲ, ಕಂಡರೂ ಯಾರೂ ತಪ್ಪೆನ್ನುವುದಿಲ್ಲ. ಕವರ್ ಬಿಚ್ಚುವಾಗ ಅವಸರ ಬೇಡ. ಅದು ಅಲ್ಯೂಮಿನಿಯಂ, ಕೂಲಂಟ್ ಅದರೊಳಗೇ ಹರಿಯುತ್ತದೆ, ಹಾಗಾಗಿ ಒಳಗೆ ಸವೆದು ಹಳ್ಳ ಬಿದ್ದಿರಬಹುದು. ವಾಟರ್ ಪಂಪ್ ಹಿಂದೆ ಒಂದು ತೆಳು ತಗಡು ಇರುತ್ತದೆ, ನೀರನ್ನು ಎರಡು ದಾರಿಗೆ ಬೇರ್ಪಡಿಸುವುದು. ಅದು ತುಕ್ಕು ಹಿಡಿದು ತೂತಾಗಿದ್ದರೆ, ಅಥವಾ ಪಂಪಿಗೂ ಅದಕ್ಕೂ ನಡುವೆ ಸಂದು ಜಾಸ್ತಿ ಇದ್ದರೆ, ರೇಡಿಯೇಟರ್ ಎಷ್ಟೇ ಒಳ್ಳೆಯದಿರಲಿ ಗಾಡಿ ಬಿಸಿಯಾಗುತ್ತದೆ. ಇದನ್ನು ಗಮನಿಸದೆ ಹೊಸ ರೇಡಿಯೇಟರಿಗೆ ದುಡ್ಡು ಸುರಿದವರು ಬಹಳ.

ಇಷ್ಟಾದ ಮೇಲೆ ಹೊಸ ಆಯಿಲ್. ಈ ಕಾಲದ ಆಯಿಲ್‌ಗಳಲ್ಲಿ ಸತುವಿನ ಅಂಶ ಕಡಿಮೆ. ನಿಮ್ಮ ಎಂಜಿನ್ನಿನ ಚಪ್ಪಟೆ ಟ್ಯಾಪೆಟ್‌ಗಳಿಗೆ ಅದು ಬೇಕು. ಹಳೆ ಗಾಡಿಗೆಂದೇ ಮಾಡಿದ, ಸತು ಜಾಸ್ತಿ ಇರುವ ಆಯಿಲ್ ತನ್ನಿ. ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ಇದ್ದ ಜಾಗ ಗುರುತು ಮಾಡಿ ಎತ್ತಿ. ಕೆಳಗೆ ಕಾಣುವ ಆಯಿಲ್ ಪಂಪ್ ಶಾಫ್ಟನ್ನು ಡ್ರಿಲ್ಲಿನಿಂದ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿದರೆ ಎಣ್ಣೆ ಮೇಲಿನ ತನಕ ಏರುತ್ತದೆ. ರಾಕರ್ ಕವರ್ ತೆಗೆದು ಎಣ್ಣೆ ಬಂದಿದ್ದನ್ನು ಕಣ್ಣಾರೆ ನೋಡಿ.

ಪೆಟ್ರೋಲ್ ಟ್ಯಾಂಕ್ ಇಳಿಸಲೇಬೇಕು. ಹಳೆ ಪೆಟ್ರೋಲ್ ವಾರ್ನಿಶ್ ಆಗಿರುತ್ತದೆ. ಒಳಗೆ ಹಗುರ ತುಕ್ಕಿದ್ದರೆ ರೇಡಿಯೇಟರ್ ಶಾಪಿನವರು ಕುದಿಸಿ ತೊಳೆದುಕೊಡುತ್ತಾರೆ. ಒಳಗೆ ಪ್ಲಾಸ್ಟಿಕ್ ಲೇಪ ಹಾಕಿಸುವುದು ನನಗೆ ಇಷ್ಟವಿಲ್ಲ. ಅದು ಎದ್ದುಬಂದರೆ ಕಾರ್ಬುರೇಟರಿಗೇ ಬರುತ್ತದೆ. ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಈಗಿನ ಪೈಪಿಗೆ ಬದಲಾಯಿಸಿ. ಎಥನಾಲ್‌ನಿಂದ ಹಳೆಯ ರಬ್ಬರ್ ಮೆತ್ತಗಾಗಿ ಒಳಗಿಂದಲೇ ಬಿರಿಯುತ್ತದೆ, ಕೆಳಗೆ ಬಿಸಿ ಎಂಜಿನ್ ಇದೆ. ಇಲ್ಲಿ ಮೂಲದ್ದು ಎಂಬ ಮಾತೇ ಬೇಡ.

ನಿಮ್ಮ ಎಂಜಿನ್ನಿನ ಕಂಪ್ರೆಶನ್ 10.75ಕ್ಕೆ 1. ಇದಕ್ಕೆ ಬಂಕಿನಲ್ಲಿ ಸಿಗುವ ಅತಿ ಹೆಚ್ಚು ಆಕ್ಟೇನ್, ಮಿಷಿಗನ್‌ನಲ್ಲಿ 93 ಹಾಕಿ. ಬೆಂಗಳೂರಿನ ಬಂಕಿನಲ್ಲಿ 95 ಎಂದು ಬರೆದಿರುವುದು ನೋಡಿ ಇಲ್ಲಿನದು ಕಮ್ಮಿ ಎಂದುಕೊಳ್ಳಬೇಡಿ. ಇಂಡಿಯಾದಲ್ಲಿ ಬರೆಯುವುದು ಒಂದೇ ಪರೀಕ್ಷೆಯ ಅಂಕಿ, ಅಮೆರಿಕದಲ್ಲಿ ಎರಡು ಪರೀಕ್ಷೆಯ ಸರಾಸರಿ. ಅಲ್ಲಿನ 95, ಇಲ್ಲಿನ 91ರ ಆಸುಪಾಸು. ಎಥನಾಲ್ ಇಲ್ಲದ ಪೆಟ್ರೋಲ್ ಸಾಮಾನ್ಯವಾಗಿ 90 ಇರುತ್ತದೆ. ಚಳಿಗಾಲದಲ್ಲಿ ನಿಲ್ಲಿಸುವಾಗ ಅದು ಒಳ್ಳೆಯದು, ಗಾಡಿ ಜೋರು ಓಡಿಸಲು ಸಾಲದು. ಏರು ಹತ್ತುವಾಗ ಎಂಜಿನ್ ಕಟಕಟ ಎಂದರೆ ಇಗ್ನಿಶನ್ ಟೈಮಿಂಗ್ ಒಂದೆರಡು ಡಿಗ್ರಿ ಹಿಂದೆ ತನ್ನಿ. ಸೀಸ ಇಲ್ಲದ ಪೆಟ್ರೋಲಿಗೆ ವಾಲ್ವ್ ಸೀಟ್ ಸವೆಯುತ್ತೆ, ಹೆಡ್ ಇಳಿಸು ಎಂದು ಯಾರಾದರೂ ಹೇಳಬಹುದು. ವಾರಕ್ಕೊಮ್ಮೆ ಓಡುವ ಗಾಡಿಗೆ ಬೇಡ.

ಕಾರ್ಬುರೇಟರ್ ವಿಷಯಕ್ಕೆ ನಿಮ್ಮ ಸ್ನೇಹಿತರ ಜೊತೆ ನಾನು ಜಗಳಕ್ಕೂ ಸಿದ್ಧ. ಆ ಗಾಡಿಯಲ್ಲಿರುವುದು ರಾಚೆಸ್ಟರ್ ಕ್ವಾಡ್ರಾಜೆಟ್. ಮುಂದಿನ ಎರಡು ಬಾಯಿ ಸಣ್ಣವು, ಹಿಂದಿನ ಎರಡು ದೊಡ್ಡವು. ಮೆಲ್ಲಗೆ ಹೋಗುವಾಗ ಸಣ್ಣವೇ ಸಾಕು, ಕಾಲು ಒತ್ತಿದಾಗ ಹಿಂದಿನವು ತೆರೆದು ಬರುವ ಆ ಸದ್ದಿಗಾಗಿಯೇ ಜನ ಈ ಗಾಡಿ ಕೊಳ್ಳುತ್ತಾರೆ. ಇದನ್ನು ತೆಗೆದು ಫ್ಯೂಯಲ್ ಇಂಜೆಕ್ಷನ್ ಹಾಕಬೇಕೆಂದರೆ ಟ್ಯಾಂಕಿಗೆ ಬೇರೆ ಪಂಪ್, ಪೆಟ್ರೋಲ್ ವಾಪಸ್ ಹೋಗಲು ಬೇರೆ ಪೈಪ್, ವೈರಿಂಗ್ ಕತ್ತರಿಸಬೇಕು, ಸೈಲೆನ್ಸರ್ ಪೈಪಿಗೆ ತೂತು ಕೊರೆಯಬೇಕು. ಒಂದು ಭಾನುವಾರದಲ್ಲಿ ವಾಪಸ್ ಬರುವ ಕೆಲಸವೇ ಅಲ್ಲ.

ಕ್ವಾಡ್ರಾಜೆಟ್ ಕೆಟ್ಟದ್ದು ಎಂದು ಹೆಸರು ಬಂದಿರುವುದು ರಿಪೇರಿ ಮಾಡಿದವರಿಂದ. ಆ ಕಾಲದ ಕ್ವಾಡ್ರಾಜೆಟ್‌ಗಳ ತಳದಲ್ಲಿ ಬಿರಡೆಗಳಿರುತ್ತವೆ, ಅಲ್ಲಿಂದ ಪೆಟ್ರೋಲ್ ಸೋರುತ್ತದೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಬಟ್ಟಲು ಖಾಲಿ, ಎಷ್ಟು ಹೊತ್ತಾದರೂ ಸ್ಟಾರ್ಟ್ ಆಗದು. ಪೆಟ್ರೋಲಿಗೆ ಕರಗದ ಎಪಾಕ್ಸಿ ಹಚ್ಚಿದರೆ ಸರಿಹೋಗುತ್ತದೆ. ಎಥನಾಲ್ ತಡೆಯುವ ಪಂಪ್ ಕಪ್ ಮತ್ತು ಗ್ಯಾಸ್ಕೆಟ್ ಇರುವ ಕಿಟ್ ಹಾಕಿ. ಥ್ರಾಟಲ್ ಶಾಫ್ಟ್ ಅಲ್ಲಾಡಿದರೆ ಬುಷ್ ಹಾಕಿಸಿ. ರಿಪೇರಿಗೆ ಕೊಡುವ ಮೊದಲು ಒಂದು ಮಾತು ಖಡಾಖಂಡಿತ ಹೇಳಿ: ಬಾಡಿಯನ್ನು ಕಟು ಕೆಮಿಕಲ್‌ನಲ್ಲಿ ರಾತ್ರಿಯಿಡೀ ಮುಳುಗಿಸಬೇಡಿ. ಸತುವಿನ ಎರಕದ ಮೇಲೆ ಫ್ಯಾಕ್ಟರಿಯವರು ಮಾಡಿದ ತೆಳು ಹೊಂಬಣ್ಣದ ಲೇಪ ಇದೆ. ಕೆಮಿಕಲ್‌ನಿಂದ ಎತ್ತಿದಾಗ ಬೂದಿ ಬಣ್ಣದ ಸಪ್ಪೆ ಲೋಹ ಕೈಗೆ ಬರುತ್ತದೆ. ಮತ್ತೆ ಬಣ್ಣ ಹಾಕಿಸಬಹುದು, ಆದರೆ ಗೊತ್ತಿರುವವರಿಗೆ ಎದ್ದು ಕಾಣುತ್ತದೆ. ಕಾರ್ಬುರೇಟರ್ ಪಕ್ಕದಲ್ಲಿ ಕೆತ್ತಿದ ನಂಬರ್ ನೀವೇ ಬರೆದಿಟ್ಟುಕೊಂಡು ಕೊಡಿ. ವಾಪಸ್ ಬಂದಾಗ ಅದೇ ನಂಬರ್ ಇದೆಯಾ ನೋಡಿ. ಶಾಪ್‌ನಲ್ಲಿ ಬದಲಾಗುವುದುಂಟು.

ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಹಳೆ ಕಾಲದ ಪಾಯಿಂಟ್ಸ್ ಇಗ್ನಿಶನ್ ಹಾಗೇ ಇರಲಿ. ಕಿರಿಕಿರಿ ಬೇಡ ಎನಿಸಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೇ ಕೂರುವ ಎಲೆಕ್ಟ್ರಾನಿಕ್ ಕಿಟ್ ಇದೆ, ಹೊರಗೆ ಕಾಣದು, ಹತ್ತು ನಿಮಿಷದಲ್ಲಿ ತೆಗೆಯಬಹುದು. ಹಾಕಿಸಿದರೂ ಹಳೆ ಪಾಯಿಂಟ್ಸ್ ಡ್ಯಾಶ್ ಡಬ್ಬಿಯಲ್ಲಿ ಇಟ್ಟುಕೊಂಡಿರಿ. ಗೇರ್‌ಬಾಕ್ಸ್ ಬಗ್ಗೆ ಹೇಳಲು ಹೆಚ್ಚಿಲ್ಲ. 67ರಲ್ಲಿ ಜಿಟಿಒಗೆ ಮೊದಲ ಸಲ ಬಂದ ಮೂರು ಸ್ಪೀಡಿನ ಟರ್ಬೋ ಹೈಡ್ರಾಮ್ಯಾಟಿಕ್ 400 ಗಟ್ಟಿ ಮಾಲು. ಆಯಿಲ್, ಫಿಲ್ಟರ್ ಬದಲಾಯಿಸಿ, ಸೋರಿದರೆ ಸೀಲ್ ಹಾಕಿ, ಸುಮ್ಮನಿರಿ.

ಟೈರ್ ಹೊರಗಿನಿಂದ ಎಷ್ಟೇ ಹೊಸದಾಗಿ ಕಾಣಲಿ, ಪಕ್ಕದಲ್ಲಿರುವ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಮುಂದಿನ ಎರಡು ಅಂಕಿ ತಯಾರಾದ ಇಸವಿ. ಹತ್ತು ವರ್ಷ ದಾಟಿದ್ದರೆ ಗ್ಯಾರೇಜಿನಿಂದ ಹೊರಗೆ ತರಲೂ ಬೇಡಿ. 67ರಲ್ಲಿ ಈ ಗಾಡಿಗೆ ಎಫ್70-14 ಅಳತೆಯ ಕೆಂಪು ಗೆರೆಯ ಟೈರ್ ಬರುತ್ತಿತ್ತು. ಅದೇ ಕೆಂಪು ಗೆರೆಯಲ್ಲಿ ಈಗ ರೇಡಿಯಲ್ ಸಿಗುತ್ತದೆ. ನೋಟವೂ ಉಳಿಯುತ್ತದೆ, ರಸ್ತೆಯ ಗೆರೆ ಹಿಡಿದು ಎಳೆಯುವ ಹಳೆ ಟೈರಿನ ಚಾಳಿಯೂ ತಪ್ಪುತ್ತದೆ.

ಬ್ರೇಕ್ ವಿಷಯದಲ್ಲಿ ನಿಮ್ಮ ಸ್ನೇಹಿತರು ಪೂರ್ತಿ ತಪ್ಪಲ್ಲ. ನಾಲ್ಕೂ ಕಡೆ ಒಂಬತ್ತೂವರೆ ಇಂಚಿನ ಡ್ರಮ್, ಇಷ್ಟು ತೂಕದ ಗಾಡಿಗೆ ಅದು ಸಣ್ಣದೇ. ಒಂದು ಸಮಾಧಾನ, 67ರಿಂದ ಎರಡು ಭಾಗದ ಮಾಸ್ಟರ್ ಸಿಲಿಂಡರ್ ಬಂತು, ಮುಂದಿನ ಪೈಪ್ ಒಡೆದರೂ ಹಿಂದಿನದು ಹಿಡಿಯುತ್ತದೆ. ಮೊದಲು ಇರುವುದನ್ನೇ ಪೂರ್ತಿ ಹೊಸದಾಗಿಸಿ: ರಬ್ಬರ್ ಹೋಸ್ ಮೂರೂ, ವೀಲ್ ಸಿಲಿಂಡರ್‌ಗಳು, ಶೂಗಳು, ತುಕ್ಕು ಹಿಡಿದ ಉಕ್ಕಿನ ಪೈಪ್‌ಗಳು. ಮಾಸ್ಟರ್ ಸಿಲಿಂಡರ್ ಎಸೆಯಬೇಡಿ, ಒಳಗೆ ಹೊಸ ಸ್ಲೀವ್ (ಕೊಳವೆ) ಕೂರಿಸಿ ಅದೇ ಎರಕವನ್ನು ಮತ್ತೆ ಬಳಸಬಹುದು. ಹಳೆ ಶೂಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಡ್ರಮ್ ಬಿಚ್ಚಿ ಗಾಳಿ ಊದಬೇಡಿ, ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ ಭಾನುವಾರದ ಓಡಾಟಕ್ಕೆ ಸಾಕು. ಆಮೇಲೂ ಹೆದರಿಕೆ ಎನಿಸಿದರೆ, ಅಥವಾ ವಾರವೆಲ್ಲ ಡೆಟ್ರಾಯ್ಟ್ ಟ್ರಾಫಿಕ್ಕಿನಲ್ಲಿ ಓಡಿಸುವ ಯೋಚನೆ ಇದ್ದರೆ, ಮುಂದೆ ಡಿಸ್ಕ್ ಹಾಕಿಸಿ. 67ರಲ್ಲಿ ಮುಂದಿನ ಡಿಸ್ಕ್ ಫ್ಯಾಕ್ಟರಿಯ ಆಪ್ಷನ್ ಆಗಿಯೇ ಇತ್ತು. ಹಳೆಯ ಡ್ರಮ್ಮು, ಸ್ಪಿಂಡಲ್ಲು ಎಲ್ಲಕ್ಕೂ ಎಣ್ಣೆ ಹಚ್ಚಿ ಡಬ್ಬಿಯಲ್ಲಿಟ್ಟು ಮೇಲೆ ಚೀಟಿ ಅಂಟಿಸಿ.

ಈಗ ಪೇಂಟ್. ಜಿಎಂ ಗಾಡಿಗಳಿಗೆ ಆಗ ಹೊಡೆಯುತ್ತಿದ್ದುದು ಅಕ್ರಿಲಿಕ್ ಲ್ಯಾಕರ್. ಈಗಿನಂತೆ ಮೇಲೆ ಪಾರದರ್ಶಕ ಪದರ ಇಲ್ಲ. ನೀವು ಉಜ್ಜುವುದು ಬಣ್ಣವನ್ನೇ. ಎಷ್ಟು ಉಳಿದಿದೆ ಎಂದು ತಿಳಿಯಲು ದಪ್ಪ ಅಳೆಯುವ ಮೀಟರ್ ತನ್ನಿ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ ಮೂರರಿಂದ ಆರು ಮಿಲ್, ಅಂದರೆ ಸುಮಾರು 75ರಿಂದ 150 ಮೈಕ್ರಾನ್. ಎಡ ಫೆಂಡರ್‌ನಲ್ಲಿ ಅದರ ದುಪ್ಪಟ್ಟು ಬಂದರೆ ಆ ಹಿರಿಯರು ಹೇಳಿದ್ದು ನಿಜ. ಬೇರೆಲ್ಲಾದರೂ ಹಾಗೆ ಬಂದರೆ ಅವರಿಗೂ ಗೊತ್ತಿಲ್ಲದ ಕಥೆ ಇದೆ.

ಲಿಂಡನ್ ಗ್ರೀನ್ ಮೆಟಾಲಿಕ್ ಬಣ್ಣ. ಇದು ಬಿಳಿ ಕೆಂಪುಗಳಿಗಿಂತ ನಾಜೂಕು. ಲ್ಯಾಕರ್ ಒಳಗೆ ಅಲ್ಯೂಮಿನಿಯಂ ಕಣಗಳಿವೆ. ಮೆಷಿನ್ ಹಾಕಿ ಪಾಲಿಶ್ ಮಾಡಿದರೆ ಆ ಕಣಗಳ ಮೇಲಿನ ತೆಳು ಹಾಸು ಹೋಗಿ, ಕಣಗಳು ಬಯಲಾಗಿ ಕಪ್ಪಾಗುತ್ತವೆ. ಬಿಸಿಲಿಗೆ ತಂದಾಗ ಗಾಡಿ ಮೈಮೇಲೆ ಮೋಡ ಮೋಡ ಕಲೆ. ಅದಕ್ಕೆ ಮತ್ತೆ ಮದ್ದಿಲ್ಲ, ಪೇಂಟ್ ಹೊಡೆಯುವುದೊಂದೇ. ಹಾಗಾಗಿ ಮೆಷಿನ್ ಬೇಡ. ಮೃದು ಸೋಪಿನಲ್ಲಿ ತೊಳೆದು ಒಣಗಿಸಿ. ಮೆಗ್ವಾಯರ್ಸ್ ಕಂಪನಿಯ ನಂಬರ್ 7 ಎಂಬ ಹಳೆ ಕಾಲದ ಗ್ಲೇಜ್ ಇದೆ, ಉಜ್ಜುವ ಪುಡಿ ಇಲ್ಲದ, ಎಣ್ಣೆ ತುಂಬಿದ ಗ್ಲೇಜ್. ಟರ್ಕಿ ಬಟ್ಟೆಯಲ್ಲಿ ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಡಿ. ಒಣಗಿದ ಲ್ಯಾಕರ್ ಅದನ್ನು ಹೀರಿಕೊಳ್ಳುತ್ತದೆ. ಬೆಳಗ್ಗೆ ಒರೆಸಿದಾಗ ಬಟ್ಟೆಗೆ ಸ್ವಲ್ಪ ಹಸಿರು ಬರುತ್ತದೆ, ಹೆದರಬೇಡಿ, ಅದು ಸತ್ತ ಪದರ. ಬಟ್ಟೆ ತುಂಬ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡನೇ ಸಲ ಹಚ್ಚಿದಾಗ ಬಣ್ಣ ಆಳಕ್ಕಿಳಿದಂತೆ ಕಾಣುತ್ತದೆ. ಮೇಲೆ ಒಳ್ಳೆ ವ್ಯಾಕ್ಸ್ ಹಚ್ಚಿದರೆ ಮುಗಿಯಿತು. ಅಂಚುಗಳಲ್ಲಿ, ಬಾನೆಟ್ಟಿನ ಗೆರೆಗಳ ಮೇಲೆ ಕೈ ಹಗುರ ಇರಲಿ, ಪೇಂಟ್ ಎಲ್ಲಕ್ಕಿಂತ ತೆಳು ಇರುವುದು ಅಲ್ಲೇ. ಸಣ್ಣ ಬಿರುಕು, ಕಲ್ಲೇಟು, ಬಾಗಿಲಂಚಿನ ಗೀರು ಹಾಗೇ ಇರಲಿ. ಲೋಹ ಕಾಣುವ ಕಡೆ ಮಾತ್ರ ಟಚಪ್ ಮಾಡಿ.

ಆಯುಧಪೂಜೆಗೆ ಗಾಡಿ ಪೂಜೆ ಮಾಡೇ ಮಾಡುತ್ತೀರಿ, ಅಲ್ವಾ? ಮಾಡಿ. ಆದರೆ ಒದ್ದೆ ಅರಿಶಿನ ಕುಂಕುಮವನ್ನು ಬಾನೆಟ್ ಮೇಲೆ ಇಡಬೇಡಿ. ಒಣಗಿದ ಲ್ಯಾಕರ್ ಅರಿಶಿನ ಹೀರಿಕೊಂಡರೆ ಹೋಗುವುದಿಲ್ಲ. ಗಾಜಿನ ಮೇಲೋ ಕ್ರೋಮ್ ಬಂಪರ್ ಮೇಲೋ ಇಟ್ಟರೆ ದೇವರಿಗೂ ಬೇಜಾರಿಲ್ಲ. ನಿಂಬೆಹಣ್ಣು ಟೈರ್ ಕೆಳಗೆ, ಅದಕ್ಕೆ ನನ್ನ ಅಭ್ಯಂತರವಿಲ್ಲ.

ತುಕ್ಕು ಹುಡುಕಬೇಕಾದ ಜಾಗ ಹಿಂದಿನ ಗಾಜಿನ ಕೆಳ ಅಂಚು. ಕ್ರೋಮ್ ಪಟ್ಟಿಯ ಕ್ಲಿಪ್ ಸುತ್ತ ನೀರು ನಿಂತು ಡಿಕ್ಕಿಗೆ ಇಳಿಯುತ್ತದೆ. ಡಿಕ್ಕಿಯ ಚಾಪೆ ಎತ್ತಿ, ಎರಡೂ ಮೂಲೆ ಕೈಯಾಡಿಸಿ. ಅಡಿಗೆ ಕಪ್ಪು ಡಾಂಬರಿನಂಥ ಲೇಪ ಹೊಡೆಸುವ ಆಸೆ ಯಾರಾದರೂ ತೋರಿಸಿದರೆ ಕಿವಿ ಮುಚ್ಚಿಕೊಳ್ಳಿ. ಪ್ರೆಶರ್ ವಾಷರ್ ಕೂಡ ಬೇಡ. ಬ್ರಷ್ ಹಿಡಿದು ನಿಧಾನ ತೊಳೆಯುತ್ತ ಹೋದರೆ ಮಣ್ಣಿನ ಕೆಳಗೆ ಫ್ಯಾಕ್ಟರಿಯವರು ಬಳಪದಲ್ಲಿ, ಪೇಂಟಿನಲ್ಲಿ ಹಾಕಿದ ಗುರುತುಗಳು ಸಿಗುತ್ತವೆ. ಯಾರೋ ಒಬ್ಬ ಪರೀಕ್ಷೆ ಮಾಡಿ ಸರಿ ಇದೆ ಎಂದು ಬಳಿದ ಒಂದು ಹಳದಿ ಗೆರೆ. ಅದನ್ನು ಫೋಟೋ ತೆಗೆದು ಹಾಗೇ ಬಿಡಿ. ಮುಚ್ಚಿದ ಟೊಳ್ಳು ಜಾಗಗಳಿಗೆ ಪಾರದರ್ಶಕ ವ್ಯಾಕ್ಸ್ ಎಣ್ಣೆ ಹೊಡೆದರೆ ಸಾಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಬಿದ್ದ ಮೇಲೆ, ಏಪ್ರಿಲ್ ಮಳೆ ಅದನ್ನು ತೊಳೆಯುವ ತನಕ ಗಾಡಿ ಹೊರಗೆ ಬರಬಾರದು.

ಒಳಗಿನ ವಿನೈಲ್ ಹೊದಿಕೆಗೆ ಪಾಂಟಿಯಾಕ್‌ನವರು ಮಾರೊಕೈಡ್ ಎಂದು ಹೆಸರಿಟ್ಟಿದ್ದರು. ಗಟ್ಟಿ ಮಾಲು, ಸೋಪು ನೀರು, ಮೃದು ಬ್ರಷ್ ಸಾಕು. ಮಿರಿಮಿರಿ ಮಿಂಚುವ ಡ್ರೆಸ್ಸಿಂಗ್ ಹಾಕಬೇಡಿ. ಹೊಲಿಗೆ ಬಿಟ್ಟಿದ್ದರೆ ಅದೇ ತೂತುಗಳಲ್ಲಿ ಕೈಹೊಲಿಗೆ ಹಾಕಿಸಿ. ಸೀಟ್ ಬೆಲ್ಟಿನ ಪಟ್ಟಿ ಮಾತ್ರ ನಂಬಬೇಡಿ. ಹಳೆ ಬಕಲ್ ಉಳಿಸಿ ಪಟ್ಟಿ ಹೊಸದು ಹೊಲಿದುಕೊಡುವವರಿದ್ದಾರೆ. ವಿಮೆಯನ್ನು ಮಾಮೂಲಿ ಕಾರಿನಂತೆ ಮಾಡಿಸಬೇಡಿ, ಮೊದಲೇ ಬೆಲೆ ಒಪ್ಪಿಕೊಂಡು ಬರೆಯುವ ಹಳೆ ಗಾಡಿಯ ಪಾಲಿಸಿ ತಗೊಳ್ಳಿ. ಮುಂದೆ ಪ್ರದರ್ಶನಕ್ಕೆ ಇಡುವ ಮನಸ್ಸಾದರೆ ಅಮೆರಿಕದ ಹಳೆ ಕಾರುಗಳ ಕ್ಲಬ್ಬಾದ ಎಎಸಿಎ ಸಂಸ್ಥೆಯಲ್ಲಿ ಮೂಲ ಸ್ಥಿತಿ ಉಳಿಸಿಕೊಂಡ ಗಾಡಿಗಳಿಗೆಂದೇ ಎಚ್‌ಪಿಒಎಫ್ ಎಂಬ ವಿಭಾಗ ಇದೆ. ಅಲ್ಲಿ ಸವೆದ ಪೇಂಟ್‌ಗೆ ಯಾರೂ ಮುಖ ಸಿಂಡರಿಸುವುದಿಲ್ಲ.

ವುಡ್‌ವರ್ಡ್‌ಗೆ ಖಂಡಿತ ಹೋಗಿ. ಅರವತ್ತರ ದಶಕದಲ್ಲಿ ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಡೀಲರ್ ಟ್ಯೂನ್ ಮಾಡಿಕೊಟ್ಟ ಜಿಟಿಒಗಳು ಓಡಾಡಿದ ರಸ್ತೆ ಅದು. ಆದರೆ ಎಂಜಿನ್ನಿಗೆ ಅದು ಹೈವೇಗಿಂತ ಕಷ್ಟದ ದಿನ. ಆಗಸ್ಟ್ ಬಿಸಿಲು, ನಡಿಗೆಯ ವೇಗ, ಗಂಟೆಗಟ್ಟಲೆ ನಿಲುಗಡೆ. ಅದಕ್ಕೂ ಮೊದಲು ಜೂನ್, ಜುಲೈಯಲ್ಲಿ ಮನೆ ಸುತ್ತ ಸಣ್ಣ ಸಣ್ಣ ಓಟ ಓಡಿಸಿ, ಪ್ರತಿ ಸಲ ಬಂದ ಮೇಲೆ ಕೆಳಗೆ ರಟ್ಟು ಹಾಸಿ ಎಲ್ಲಿ ಏನು ಸೋರಿದೆ ನೋಡಿ. ಹಿಂದಿನ ಕ್ರ್ಯಾಂಕ್ ಸೀಲ್ ಹಗ್ಗದಂಥದ್ದು, ಒಂದೆರಡು ಹನಿ ಹಾಕಿಯೇ ಹಾಕುತ್ತದೆ, ಅದಕ್ಕೆ ಎಂಜಿನ್ ಇಳಿಸಬೇಡಿ. ಫ್ಯಾನ್ ಕ್ಲಚ್ ಪರೀಕ್ಷಿಸಿ. ಗಾಡಿಯಲ್ಲಿ ಟೆಂಪರೇಚರ್ ಲೈಟ್ ಮಾತ್ರ ಇದ್ದರೆ ಆ ದಿನದ ಮಟ್ಟಿಗೆ ಒಂದು ಮೆಕ್ಯಾನಿಕಲ್ ಗೇಜ್ ಸಿಕ್ಕಿಸಿಕೊಳ್ಳಿ. ಮುಳ್ಳು ಏರತೊಡಗಿದರೆ ಪಕ್ಕದ ಪಾರ್ಕಿಂಗ್ ಲಾಟಿಗೆ ತಿರುಗಿಸಿ, ಬಾನೆಟ್ ಎತ್ತಿ ಅರ್ಧ ಗಂಟೆ ನಿಲ್ಲಿಸಿ. ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಹಟ ಮಾಡಿದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿ, ಪಂಪ್ ಮಾಡಬೇಡಿ. ಬಾನೆಟ್ ಎತ್ತಿ ನಿಂತಿದ್ದನ್ನು ಕಂಡರೆ ಜನ ಸೇರುತ್ತಾರೆ. ಬಾನೆಟ್ ಮೇಲೆ ಯಾರೂ ಒರಗದಂತೆ ನೋಡಿಕೊಳ್ಳಿ, ಜೀನ್ಸ್ ಪ್ಯಾಂಟಿನ ಗುಂಡಿ ಸಾಕು ಲ್ಯಾಕರ್ ಗೀರಲು.